ಮಟ್ಟದಕ್ಕನ ಮಂಡಿ

ಮಂಡಿಯ ಮೇಲೆ ನಿಂಬೆಹಣ್ಣಿನಷ್ಟು ಗಂಟು ಇಲ್ಲದವರನ್ನು ಆ ಊರಿನ ಟೈಲ್ಸ್ ಕೆಲಸದವರು ಮೇಸ್ತ್ರಿ ಎಂದು ಒಪ್ಪುತ್ತಲೇ ಇರಲಿಲ್ಲ. ಕರಣೆ ಹಿಡಿದು ಎಷ್ಟು ಮನೆಗೆ ನೆಲ ಹಾಕಿದ್ದರೂ ಅಷ್ಟೇ, ರಸಮಟ್ಟದ ಗುಳ್ಳೆಯನ್ನು ಎಷ್ಟು ಸರಿಯಾಗಿ ನಡುವಿಗೆ ತಂದು ನಿಲ್ಲಿಸಿದ್ದರೂ ಅಷ್ಟೇ. ಹೊಸಬ ಬಂದರೆ ಮೊದಲು ಪ್ಯಾಂಟು ಮೇಲೆತ್ತಿಸಿ ಮಂಡಿ ನೋಡುವರು. ನುಣ್ಣಗಿದ್ದರೆ ಗಾರೆ ಕಲಸಲು ಕಳಿಸುವರು, ಗಂಟಿದ್ದರೆ ಕೂರಲು ಬಕೆಟ್ ಬೋರಲು ಹಾಕಿಕೊಡುವರು. ಎಂಥಾ ಬುದ್ಧಿ ನೋಡಿ! ಉಜ್ಜಿ ಉಜ್ಜಿ ಊದಿಕೊಂಡ ಒಂದು ನೀರಿನ ಚೀಲ, ಅದನ್ನು ಪದಕದ ಹಾಗೆ ಹೊತ್ತು ತಿರುಗುತ್ತಿದ್ದರು ಆ ಮಹಾನುಭಾವರು.

ಮಟ್ಟದಕ್ಕನಿಗೂ ಅಂಥದೊಂದು ಗಂಟು ಬಲಮಂಡಿಯ ಮೇಲಿತ್ತು. ಅದು ಮೊದಲು ಕಾಣಿಸಿಕೊಂಡ ದಿನ ಅವಳು ಕನ್ನಡಿಯ ಮುಂದೆ ನಿಂತು ಆಚೆಯಿಂದ ಈಚೆಯಿಂದ ನೋಡಿಕೊಂಡು, ಗ್ಯಾರೇಜಿನಿಂದ ಬಂದ ಗಂಡನಿಗೆ ಕೈ ತೊಳೆಯಲೂ ಬಿಡದೆ ತೋರಿಸಿದ್ದಳು. ವಾಹನಗಳ ಹೊಟ್ಟೆಯಡಿ ಮಲಗಿ ಮಲಗಿ ಬೆನ್ನು ಸವೆಸಿಕೊಂಡಿದ್ದ ಆ ಮೆಕ್ಯಾನಿಕ್ಕು ಗಂಟನ್ನು ಬೆರಳಿನಿಂದ ಒತ್ತಿ, ಒಳಗೆ ಎಣ್ಣೆ ಸೋರಿದೆ ಕಣೇ ಎಂದ. ಅವಳು ಎರಡು ದಿನ ಅವನೊಡನೆ ಮಾತು ಬಿಟ್ಟಳು.

ಮಟ್ಟದಕ್ಕ ಎಂಬುದು ಅವಳಿಗೆ ಕೆಲಸದವರು ಇಟ್ಟ ಹೆಸರು. ಚಪ್ಪಲಿ ಬಿಟ್ಟು ಒಂದು ಕೋಣೆಯಲ್ಲಿ ಅಡ್ಡಾಡಿದರೆ ಸಾಕು, ಯಾವ ಮೂಲೆ ತಗ್ಗು, ಯಾವ ಟೈಲಿನ ತುದಿ ಕೂದಲೆಳೆಯಷ್ಟು ಎದ್ದಿದೆ ಎಂದು ಅಂಗಾಲಿನಿಂದಲೇ ಹೇಳಿಬಿಡುತ್ತಿದ್ದಳು. ನೆಂಟರ ಮನೆಗೆ ಹೋದರೂ ಬಾಯಿ ಸುಮ್ಮನಿರದು. ನೀರು ಕೊಟ್ಟವರಿಗೆ ಮೊದಲು ಹೇಳುವುದು ನಿಮ್ಮ ಹಜಾರ ಬಾಗಿಲ ಕಡೆ ವಾಲಿದೆ ಅಂತ. ಹಾಗಾಗಿ ನೆಂಟರು ಅವಳನ್ನು ಅಂಗಳದಲ್ಲೇ ಕೂರಿಸಿ ಮಾತಾಡಿಸುವುದನ್ನು ಕಲಿತಿದ್ದರು.

ಈ ಕಸುಬು ಕಲಿಸಿದವನು ಅವಳ ಸೋದರಮಾವ. ಊರಿಗೆಲ್ಲ ಅವನು ದೊಡ್ಡ ಮೇಸ್ತ್ರಿ. ಶಾಲೆ ಮುಗಿಸಿ ಮನೆಯಲ್ಲಿದ್ದ ಹುಡುಗಿಯನ್ನು ಅವನು ಕೆಲಸಕ್ಕೆ ಕರೆದುಕೊಂಡು ಹೋದ ಮೊದಲ ದಿನವೇ ಒಂದು ಸಂಗತಿ ನಡೆಯಿತು. ಅವಳ ತಾಯಿ ಹಳೇ ಹಾಸಿಗೆಯ ಹತ್ತಿ ತುಂಬಿ, ಮಂಡಿಗೆ ಕಟ್ಟಿಕೊಳ್ಳಲು ಎರಡು ಪುಟ್ಟ ಗಾದಿ ಹೊಲಿದುಕೊಟ್ಟಿದ್ದಳು. ಮಾವ ಅವನ್ನು ಬಿಚ್ಚಿಸಿ, ಎಲ್ಲರೂ ನೋಡುವಂತೆ, ಕಲಸಿಟ್ಟ ಗಾರೆಯ ಬಾಣಲಿಗೆ ಎಸೆದ. ಗಾದಿ ಬೇಕು ಅನ್ನೋರು ಮನೇಲಿ ಮಲಗಬೇಕು ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಏನು ಮಾಡುತ್ತಾಳೆ. ಅವತ್ತಿನಿಂದ ಅವಳ ಮಂಡಿಗೂ ನೆಲಕ್ಕೂ ನಡುವೆ ಬಟ್ಟೆಯೊಂದೇ.

ಮಾವ ಕಲಿಸಿದ ದೊಡ್ಡ ವಿದ್ಯೆ ಎಂದರೆ ಬುಗುರಿ. ಎಡಪಾದ ಊರಿ ಆ ಹಿಮ್ಮಡಿಯ ಮೇಲೆ ಕುಕ್ಕರುಗಾಲಲ್ಲಿ ಕೂರಬೇಕು, ಬಲಮಂಡಿ ನೆಲದ ಮೇಲೆ. ಬೆನ್ನ ಹಿಂದೆ ಟೈಲ್ಸಿನ ಅಟ್ಟಿ. ಏಳುವ ಹಾಗಿಲ್ಲ. ಎದ್ದವನು ಸೋತ ಹಾಗೆ. ಕೂತಲ್ಲೇ ಸೊಂಟದಿಂದ ಮೇಲಕ್ಕೆ ಗರಕ್ಕನೆ ತಿರುಗಿ, ಟೈಲ್ ಎತ್ತಿ, ಮತ್ತೆ ಗರಕ್ಕನೆ ತಿರುಗಿ ಗಾರೆಯ ಮೇಲೆ ಕೂರಿಸಿ, ರಬ್ಬರ್ ಸುತ್ತಿಗೆಯಿಂದ ತಟ್ಟಬೇಕು. ಎಡಪಾದ ಮಾತ್ರ ಕದಲಬಾರದು. ಬೇರೆಯವರು ಎದ್ದು ಕೂತು ಒಂದು ಸಾಲು ಮುಗಿಸುವಷ್ಟರಲ್ಲಿ ಮಾವನ ಶಿಷ್ಯರು ಎರಡು ಸಾಲು ಮುಗಿಸುತ್ತಿದ್ದರು. ದಾರಿಹೋಕರು ನಿಂತು ನೋಡುವರು. ಮಟ್ಟದಕ್ಕನ ಬುಗುರಿಯಂತೂ ಮಾವನದಕ್ಕಿಂತ ಚುರುಕು ಎಂದು ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು.

ಮಾವ ಕೂರುವ ಕೆಲಸ ಬಿಟ್ಟು ವರ್ಷಗಳಾಗಿದ್ದವು. ಅವನ ಎಡಗಾಲು ಮಂಡಿಯಲ್ಲಿ ಬಿಲ್ಲಿನ ಹಾಗೆ ಹೊರಗೆ ಬಾಗಿ, ನಡೆದರೆ ಮೈ ಅತ್ತಿಂದಿತ್ತ ತೂಗುತ್ತಿತ್ತು. ಅದನ್ನೂ ಜನ ಮೇಸ್ತ್ರಿ ನಡಿಗೆ ಎನ್ನುತ್ತಿದ್ದರು. ಹೊಸ ಕೆಲಸಗಾರರು ಅದನ್ನು ಅನುಕರಿಸಿ ತೂಗಾಡುತ್ತಾ ನಡೆಯುವರು. ತಲೆ ನೆಟ್ಟಗಿರುವ ಯಾರಾದರೂ ಡೊಂಕುಗಾಲಿನ ನಕಲು ಮಾಡುತ್ತಾರೆಯೇ? ಮಾಡುತ್ತಿದ್ದರು.

ಇನ್ನು ಹೆಬ್ಬೆಟ್ಟಿನ ಮಾತು. ಆ ಕಸುಬಿನಲ್ಲಿ ದೊಡ್ಡ ನೆಲವೊಂದು ಮುಗಿಯುವಾಗ ಕೊನೆಯ ಕಲ್ಲನ್ನು ಕೂರಿಸುವ ಮುಂಚೆ ಹಸಿ ಗಾರೆಯಲ್ಲಿ ಮೇಸ್ತ್ರಿ ತನ್ನ ಹೆಬ್ಬೆಟ್ಟು ಒತ್ತಬೇಕು. ಆಮೇಲೆ ಅದರ ಮೇಲೆ ಕಲ್ಲು ಮುಚ್ಚಿಬಿಡುತ್ತಾರೆ. ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಆ ನೆಲ ಯಾರದು ಎಂದು ಕೇಳಿದರೆ ಕೆಳಗೆ ಯಾರ ಹೆಬ್ಬೆಟ್ಟಿದೆಯೋ ಅವರದು. ಮಟ್ಟದಕ್ಕ ಹಾಕಿದ ಅಷ್ಟೂ ದೊಡ್ಡ ನೆಲಗಳ ಕೆಳಗೆ ಮಾವನ ಹೆಬ್ಬೆಟ್ಟಿತ್ತು. ಮಂಡಿ ಇವಳದು, ಹೆಬ್ಬೆಟ್ಟು ಅವನದು. ಅದು ಅನ್ಯಾಯ ಎಂದು ಅವಳಿಗೂ ಅನಿಸಿರಲಿಲ್ಲ, ಅವನಿಗೂ ಅನಿಸಿರಲಿಲ್ಲ.

ಹೀಗಿರುವಾಗ ಊರಿನ ಹೊಸ ಗ್ರಂಥಾಲಯದ ಓದುವ ಹಜಾರದ ನೆಲ ಅವಳ ಪಾಲಿಗೆ ಬಂತು. ಗ್ರಂಥಾಲಯದ ಕಾರ್ಯದರ್ಶಿ ಸ್ವತಃ ಮನೆಗೆ ಬಂದು, ಈ ನೆಲ ನಿಮ್ಮದೇ, ನಿಮ್ಮ ಮಾವನವರ ಹತ್ತಿರ ಮಾತಾಡಿದ್ದೇನೆ ಎಂದು ಹೇಳಿಹೋದರು. ಅವತ್ತು ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಹಜಾರದ ನಡುವೆ ಒಂದು ನಕ್ಷತ್ರ ಬರಬೇಕಿತ್ತು. ಇಬ್ಬರು ಕೈ ಚಾಚಿ ಮಲಗುವಷ್ಟು ಅಗಲದ್ದು, ಕಪ್ಪು, ಬಿಳಿ, ಜೇನುಬಣ್ಣದ ಕಲ್ಲಿನ ಚೂರುಗಳದ್ದು, ನಟ್ಟನಡುವೆ ಒಂದು ದುಂಡು ಕರಿಕಲ್ಲು. ಕಲ್ಲು ಕೊಯ್ಯುವವನು ಮೊದಲ ಸಲ ಅಳತೆ ತಪ್ಪಿಸಿ ಮತ್ತೆ ಕೊಯ್ಯಬೇಕಾಗಿ ಬಂದದ್ದರಿಂದ, ಹಜಾರವೆಲ್ಲ ಮುಗಿದು ನಡುವಿನ ಗುಂಡಿ ಮಾತ್ರ ಬಾಯಿ ತೆರೆದುಕೊಂಡು ಕಾದಿತ್ತು. ಆ ಕರಿಕಲ್ಲಿನ ಕೆಳಗೆ ಅವಳ ಮೊದಲ ಹೆಬ್ಬೆಟ್ಟು ಬೀಳಬೇಕಿತ್ತು.

ಕಲ್ಲುಗಳು ಬಂದ ಬೆಳಿಗ್ಗೆ ಹಜಾರದಲ್ಲಿ ಸಂಭ್ರಮವೋ ಸಂಭ್ರಮ. ಆಳುಗಳು ಗೋಣಿ ಬಿಚ್ಚಿ ಚೂರುಗಳನ್ನು ಜೋಡಿಸಿ ನೋಡಿದರು, ಒಂದಕ್ಕೊಂದು ಕೂತವು. ಮಾವ ಬಂದು ಕುರ್ಚಿ ಹಾಕಿಸಿಕೊಂಡು ಕೂತ. ಮಟ್ಟದಕ್ಕ ಅಡ್ಡಡ್ಡ ದಾರ ಕಟ್ಟಿ ನಡುವು ಗುರುತಿಸಿ, ಗಾರೆ ಹರಡಿ, ಕೂತಳು. ಒಂದು ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕೆಲವು ತಿಂಗಳಿಂದ ಅವಳ ಎಡಮಂಡಿಯ ಒಳಮಗ್ಗುಲಲ್ಲಿ ಏನೋ ಚಿಟ್ ಎನ್ನುತ್ತಿತ್ತು. ಮೆಟ್ಟಿಲಿಳಿಯುವಾಗ ಒಮ್ಮೊಮ್ಮೆ ಸಿಕ್ಕಿಕೊಂಡ ಹಾಗಾಗಿ ಬಿಟ್ಟುಕೊಳ್ಳುತ್ತಿತ್ತು. ಅವಳ ಕಾಳಜಿಯೆಲ್ಲ ಗಂಟಿದ್ದ ಬಲಗಾಲಿನ ಮೇಲೆ. ಎಡಗಾಲಿಗೆ ಬಟ್ಟೆ ಬಿಗಿದು, ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ನಕ್ಷತ್ರದ ಮೊದಲ ಕಪ್ಪು ಕೋನ ಭಾರದ್ದು, ಟೈಲಿನ ಹಾಗಲ್ಲ. ಅವಳು ಕುಕ್ಕರುಗಾಲಲ್ಲಿ ಗರಕ್ಕನೆ ತಿರುಗಿ ಅದನ್ನೆತ್ತಿದಳು, ಮತ್ತೆ ಗರಕ್ಕನೆ ತಿರುಗಿದಳು. ಎಡಮಂಡಿಯೊಳಗೆ ಟಪ್ ಎಂದಿತು. ಎಷ್ಟು ಜೋರಾಗಿ ಎಂದರೆ ಕಲ್ಲು ಬಿರಿಯಿತು ಎಂದುಕೊಂಡು ಅವಳು ಮೊದಲು ಕಲ್ಲನ್ನೇ ನೋಡಿದಳು. ಕಲ್ಲು ನೆಟ್ಟಗಿತ್ತು. ಅದನ್ನು ಮೆಲ್ಲಗೆ ಪಕ್ಕಕ್ಕಿಟ್ಟು ಏಳಲು ಹೋದರೆ ಕಾಲು ನೇರವಾಗಲಿಲ್ಲ. ಬಾಗಿದ್ದು ಬಾಗಿದ ಹಾಗೇ ನಿಂತುಬಿಟ್ಟಿತು. ಎಳೆದರೂ ಇಲ್ಲ, ಒದರಿದರೂ ಇಲ್ಲ. ಜೀವ ಬಾಯಿಗೆ ಬಂತು. ಆದರೂ ಬಾಯಲ್ಲಿ ಬಂದ ಮಾತು ಗಾರೆ ಗಟ್ಟಿಯಾಗುವ ಮುಂಚೆ ತೆಗೆದುಹಾಕಿ ಎಂಬುದು. ಆಳುಗಳು ಗುಂಡಿಯನ್ನು ಮತ್ತೆ ಖಾಲಿ ಮಾಡಿದರು. ಗಂಡ ಗ್ಯಾರೇಜಿಗೆ ರಿಪೇರಿಗೆ ಬಂದಿದ್ದ ಯಾರದೋ ವ್ಯಾನ್ ತಂದು, ಅವಳನ್ನು ಹೊತ್ತು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸಿದ. ವ್ಯಾನಿನ ಯಜಮಾನನಿಗೆ ಇಂದಿಗೂ ಈ ವಿಷಯ ಗೊತ್ತಿಲ್ಲ.

ಮೂಳೆ ಡಾಕ್ಟರಮ್ಮ ತಾಳ್ಮೆಯವರು. ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿಸಿ, ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಮಂಡಿಯನ್ನು ಹಾಸಿಗೆಗೇ ತಂದರು. ಮೇಲೆ ತೊಡೆಯ ಮೂಳೆ, ಕೆಳಗೆ ಕಾಲಿನ ಮೂಳೆ, ಮುಂದೆ ಕಾವಲಿಗೆ ಚಿಪ್ಪು. ಎರಡು ಮಗ್ಗುಲಿಗೂ ಒಂದೊಂದು ಪಟ್ಟಿ, ಒಳಗೆ ಕತ್ತರಿಯ ಹಾಗೆ ಒಂದರ ಮೇಲೊಂದು ಹಾಯ್ದ ಇನ್ನೆರಡು ಪಟ್ಟಿ. ಮೂಳೆ ಮುಂದೆ ಜಾರದಂತೆ, ಹಿಂದೆ ಜಾರದಂತೆ, ಪಕ್ಕಕ್ಕೆ ಬಾಗದಂತೆ ಹಿಡಿಯುವುದು ಈ ನಾಲ್ಕರ ಕೆಲಸ. ನೋವು ಕಡಿಮೆಯಾಗಲು ಸೂಜಿ ಚುಚ್ಚಿದ್ದರಿಂದಲೋ ಏನೋ ಮಟ್ಟದಕ್ಕನಿಗೆ ಹುರುಪು ಬಂದುಬಿಟ್ಟಿತು. ಆ ಮಂಡಿಯನ್ನು ಕೈಗೆ ತೆಗೆದುಕೊಂಡು ಮಡಿಸಿದಳು, ಬಿಡಿಸಿದಳು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. ನೋಡಿದವಳೇ ಗಾಬರಿಯಾದಳು.

"ಡಾಕ್ಟ್ರೇ, ಇದನ್ನ ಕೂರಿಸಿದ ಮೇಸ್ತ್ರಿ ಯಾರು? ಮೇಲಿನದು ಗುಂಡಗಿದೆ, ಕೆಳಗಿನದು ಚಪ್ಪಟೆ. ಒಂದಕ್ಕೊಂದು ಕೂರೋದೇ ಇಲ್ಲವಲ್ಲ."

ಡಾಕ್ಟರಮ್ಮ ನಕ್ಕು, ಅದಕ್ಕೇ ನಡುವೆ ಇವು ಇರುವುದು ಎಂದು ಎರಡು ಅರ್ಧಚಂದ್ರದ ಗಾದಿಗಳನ್ನು ತೋರಿಸಿದರು. ಅಂಚಿನಲ್ಲಿ ದಪ್ಪ, ಒಳಗೆ ಬರುತ್ತಾ ತೆಳು. ಗುಂಡು ಮೂಳೆಗೆ ಕೂರಲು ಬಟ್ಟಲು ಮಾಡಿಕೊಡುವುದು, ಮೈಯ ಭಾರವನ್ನು ಹರಡುವುದು, ಕುಣಿದರೆ ನೆಗೆದರೆ ಏಟು ತಿನ್ನುವುದು ಎಲ್ಲ ಈ ಗಾದಿಗಳೇ. ಮೆನಿಸ್ಕಸ್ ಅಂತ ಹೆಸರು. ಮಂಡಿ ಬಾಗಿಲ ತಿರುಗಣಿಯ ಹಾಗೆ ಬರೀ ಮಡಿಸುವ ಬಿಡಿಸುವ ಕೀಲಲ್ಲ, ಮಡಿಸಿದಾಗ ಒಂದಿಷ್ಟು ತಿರುಗಲೂ ತಿರುಗುತ್ತದೆ. ಪೂರ್ತಿ ಮಡಿಸಿ, ಮೇಲೆ ಭಾರ ಹೇರಿ, ಪಾದ ಊರಿಕೊಂಡೇ ಮೈ ತಿರುಗಿಸಿದರೆ ಗಾದಿಯ ಹಿಂಭಾಗ ಎರಡು ಮೂಳೆಗಳ ನಡುವೆ ಸಿಕ್ಕಿ ಅರೆಯುತ್ತದೆ. ವರ್ಷಗಟ್ಟಲೆ ಅರೆದರೆ ಒಂದು ದಿನ ಹರಿಯುತ್ತದೆ. ಅವಳದು ಉದ್ದಕ್ಕೆ ಹರಿದು, ಗಾದಿಯ ಹರಿದ ತುಂಡು ಮಗುಚಿ ಕೀಲಿನ ನಡುವೆ ಬಂದು ಕೂತಿತ್ತು. ಬಾಗಿಲ ಸಂದಿಗೆ ಬಟ್ಟೆ ಸಿಕ್ಕಿದರೆ ಬಾಗಿಲು ಹಾಕಲು ಬರುತ್ತದೆಯೇ? ಕಾಲು ನೇರವಾಗದ್ದು ಅದಕ್ಕೇ. ಬಲಮಂಡಿಯ ಗಂಟಿನ ಗುಟ್ಟನ್ನೂ ಅವರು ಒಂದೇ ಮಾತಿನಲ್ಲಿ ಹೇಳಿದರು. ಚಿಪ್ಪಿನ ಮೇಲೆ ಚರ್ಮ ಜಾರಲೆಂದು ಇರುವ ಚೀಲ, ಉಜ್ಜಿದ್ದಕ್ಕೆ ನೀರು ತುಂಬಿಕೊಂಡಿದೆ, ಬೇರೆ ಘನತೆ ಅದಕ್ಕಿಲ್ಲ.

ಮಟ್ಟದಕ್ಕ ಇಷ್ಟನ್ನೂ ಬೆರಗಿನಿಂದ ಕೇಳಿದಳು. ಪಾದ ಊರಿ ಮೈ ತಿರುಗಿಸುವುದು ಎಂದ ಕೂಡಲೇ ಅವಳಿಗೆ ಬುಗುರಿ ಹೊಳೆಯಿತು, ಹೊಳೆದದ್ದನ್ನು ಒಳಗೇ ಇಟ್ಟುಕೊಂಡಳು. ಡಾಕ್ಟರಮ್ಮ ಎರಡು ದಾರಿ ಹೇಳಿದರು. ಹರಿದ ತುಂಡನ್ನು ಕತ್ತರಿಸಿ ತೆಗೆದರೆ ಕೆಲವೇ ವಾರಕ್ಕೆ ಎದ್ದು ಓಡಾಡಬಹುದು, ಕೆಲಸಕ್ಕೂ ಹೋಗಬಹುದು, ಆದರೆ ಆ ಗಾದಿ ಮತ್ತೆ ಬರುವುದಿಲ್ಲ. ಹೊಲಿದರೆ ಗಾದಿ ಉಳಿಯುತ್ತದೆ. ಹರಿದಿರುವುದು ರಕ್ತ ಹರಿಯುವ ಹೊರ ಅಂಚಿನಲ್ಲಾದ್ದರಿಂದ ಕೂಡಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಆದರೆ ತಿಂಗಳ ಮೇಲೆ ಕಾಲಿಗೆ ಪಟ್ಟಿ, ಅರ್ಧ ವರ್ಷ ಕುಕ್ಕರುಗಾಲಿಲ್ಲ, ಮಂಡಿಯೂರುವ ಹಾಗಿಲ್ಲ.

ಗ್ರಂಥಾಲಯದ ಉದ್ಘಾಟನೆ ಮುಂದಿನ ತಿಂಗಳ ಕೊನೆಗೆ. ಕಾರ್ಯದರ್ಶಿ ಹಣ್ಣು ಹಿಡಿದು ನೋಡಲು ಬಂದವರು ತಲೆತಗ್ಗಿಸಿಕೊಂಡೇ ಹೇಳಿದ್ದರು, ಅಷ್ಟರೊಳಗೆ ಆಗದಿದ್ದರೆ ಬೇರೆ ಮೇಸ್ತ್ರಿಗೆ ಒಪ್ಪಿಸಬೇಕಾಗುತ್ತದೆ ಅಂತ. ಬೇರೆಯವನು ನಕ್ಷತ್ರ ಕೂರಿಸಿದರೆ ಹೆಬ್ಬೆಟ್ಟೂ ಬೇರೆಯವನದೇ. ಯೋಚಿಸುವುದೇನಿದೆ? ಬಿರಿದ ಟೈಲನ್ನು ಅಂಟಿಸಿ ಕೂರಿಸುವವನು ಮೇಸ್ತ್ರಿಯೇ ಅಲ್ಲ, ಕಿತ್ತು ಬಿಸಾಕಬೇಕು ಎಂಬುದು ಅವಳು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ. ಆ ಪಾಠವನ್ನೇ ತನ್ನ ಮಂಡಿಗೂ ಹೇಳಿದಳು. ಕಿತ್ತು ಹಾಕಿ ಡಾಕ್ಟ್ರೇ ಎಂದಳು. ಟೈಲಾದರೆ ಅಟ್ಟಿಯಲ್ಲಿ ಇನ್ನೊಂದಿರುತ್ತದೆ, ಮಂಡಿಯ ಗಾದಿಗೆ ಅಟ್ಟಿ ಎಲ್ಲಿದೆ ಎಂದು ಅವಳಿಗೆ ಆಗ ತೋಚಲೇ ಇಲ್ಲ. ಡಾಕ್ಟರಮ್ಮ ಸಂಜೆವರೆಗೆ ಯೋಚಿಸಿ ಎಂದು ಹೇಳಿಹೋದರು.

ಮಧ್ಯಾಹ್ನ ಮಾವ ಬಂದ. ಹಾಸಿಗೆಯ ಪಕ್ಕದ ಕುಳ್ಳ ಸ್ಟೂಲಿನ ಮೇಲೆ ಎಡಗಾಲನ್ನು ಮುಂದೆ ಚಾಚಿ ಕೂತು, ಧೈರ್ಯ ಹೇಳಿದ. ಇದೇನು ದೊಡ್ಡದಲ್ಲ, ನನಗೂ ಹೀಗೇ ಆಗಿತ್ತು, ಪೂರ್ತಿ ತೆಗೆಸಿ ಬಿಸಾಡಿಸಿದೆ, ಹೊಲಿಗೆ ಒಣಗುವಷ್ಟರಲ್ಲಿ ಸಿನಿಮಾ ಥಿಯೇಟರಿನ ನೆಲ ಹಾಕಿದೆ ಎಂದ. ಅವಳಿಗೆ ಇದು ಹೊಸ ಸುದ್ದಿ. ಮಾವನಿಗೆ ಆಪರೇಷನ್ ಆಗಿದ್ದು ಅವಳು ಚಿಕ್ಕವಳಿದ್ದಾಗ, ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಹಾಗಾದರೆ ನನ್ನದೂ ತೆಗೆಸಿಬಿಡುತ್ತೇನೆ ಎಂದಳು. ಮಾವ ಭೇಷ್ ಎಂದು ಎದ್ದ.

ಎದ್ದನಲ್ಲ, ಆಗ ಕೇಳಿಸಿತು. ಟೈಲಿನ ಮೇಲೆ ಟೈಲ್ ಎಳೆದ ಹಾಗೆ ಕರಕರ ಸದ್ದು. ಎಷ್ಟೋ ವರ್ಷದಿಂದ ಅವಳು ಆ ಸದ್ದನ್ನು ಕೇಳಿದ್ದಳು, ಹಳೇ ಕುರ್ಚಿಯದು ಎಂದುಕೊಂಡಿದ್ದಳು. ಈ ಸ್ಟೂಲು ಕಬ್ಬಿಣದ್ದು, ಹೊಚ್ಚ ಹೊಸದು. ಮಾವ ಇನ್ನೊಂದು ಸಲ ಕೂತು ಏಳು ಎಂದಳು. ಅವನಿಗೆ ಅರ್ಥವಾಗಲಿಲ್ಲ. ಅವಳು ಹಾಸಿಗೆಯಿಂದ ಬಗ್ಗಿ ಅವನ ಎಡಮಂಡಿಯ ಮೇಲೆ ಅಂಗೈ ಇಟ್ಟಳು. ಟೊಳ್ಳು ಟೈಲನ್ನು ಹುಡುಕುವಾಗ ಇಡುವ ಹಾಗೇ. ಅವನು ಮಡಿಸಿದ. ಅಂಗೈ ಕೆಳಗೆ ಮೂಳೆ ಮೂಳೆಯನ್ನು ಅರೆಯಿತು. ನಡುವೆ ಏನೂ ಇರಲಿಲ್ಲ.

"ಮಾವ, ಇದು ನೋಯುತ್ತಾ?" ಎಂದು ಕೇಳಿದಳು.

ಮಾವ ಕಿಟಕಿಯ ಕಡೆ ನೋಡಿದ. ನೋಡಿಕೊಂಡೇ ಹೇಳಿದ, "ಮಲಗಿದಾಗ ಜಾಸ್ತಿ."

ಮೇಸ್ತ್ರಿ ನಡಿಗೆಯಂತೆ! ಊರಿಗೆ ಊರೇ ಅನುಕರಿಸಿದ್ದು ಈ ನೋವನ್ನು. ಅವಳಿಗೆ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಸಂಜೆ ಡಾಕ್ಟರಮ್ಮ ಬಂದಾಗ ಹೊಲಿಯಿರಿ ಎಂದಳು. ಹೇಳಿದವಳೇ ಗೋಡೆಗೆ ತಿರುಗಿ ಮಲಗಿದಳು. ನಕ್ಷತ್ರ ಕೈಬಿಟ್ಟು ಹೋಯಿತು ಎಂದೇ ಅವಳ ಲೆಕ್ಕ.

ಆದರೆ ಆಪರೇಷನ್ನಿನ ದಿನ ಅವಳ ಹಳೇ ಹುರುಪು ವಾಪಸು ಬಂತು. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರು, ತಲೆ ಎಚ್ಚರವಿತ್ತು. ಮಂಡಿಗೆ ಎರಡು ಸಣ್ಣ ತೂತು, ಒಂದರಲ್ಲಿ ಕ್ಯಾಮೆರಾ, ಒಂದರಲ್ಲಿ ಹತಾರ. ಎದುರಿನ ಪರದೆಯ ಮೇಲೆ ಅವಳ ಮಂಡಿಯೊಳಗಿನ ಕೋಣೆ ಕಂಡಿತು. ಏನು ಬಿಳುಪು, ಏನು ನುಣುಪು! ಯಾವ ಪಾಲಿಶ್ ಕಲ್ಲೂ ಅಷ್ಟು ಹೊಳೆಯುವುದಿಲ್ಲ. ಮೂಳೆಯ ತುದಿಗೆ ಹೊದಿಸಿದ ಮೆದು ಹೊದಿಕೆ ಅದು ಎಂದು ಡಾಕ್ಟರಮ್ಮ ಹೇಳಿದರು, ಮಾವನ ಮಂಡಿಯಲ್ಲಿ ಸವೆದುಹೋಗಿದ್ದೂ ಅದೇ. ಮಗುಚಿ ಬಿದ್ದಿದ್ದ ಗಾದಿಯ ತುಂಡನ್ನು ಕೊಕ್ಕೆಯಿಂದ ಮೆಲ್ಲಗೆ ತಳ್ಳಿ ಅದರ ಜಾಗಕ್ಕೆ ಕಳಿಸಿ, ಒಂದೊಂದೇ ಹೊಲಿಗೆ ಹಾಕುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಕೊನೆಗೆ ತಡೆಯಲಾರದೆ, ಆ ಬಲಗಡೆ ತುದಿ ಒಂಚೂರು ಎದ್ದಿರುವ ಹಾಗಿದೆ ಎಂದು ಮಲಗಿದಲ್ಲಿಂದಲೇ ಹೇಳಿದಳು. ಅದು ಕ್ಯಾಮೆರಾ ಓರೆ ಹಿಡಿದದ್ದಕ್ಕೆ ಹಾಗೆ ಕಾಣುತ್ತಿದೆ, ನೀವು ಸುಮ್ಮನಿರಿ ಎಂದು ಡಾಕ್ಟರಮ್ಮ ಗದರಿದರು. ನರ್ಸುಗಳು ಮುಖ ತಿರುಗಿಸಿ ನಕ್ಕರು.

ಮನೆಗೆ ಬಂದ ಮೇಲೆ ಪರೀಕ್ಷೆ. ಕಾಲಿಗೆ ತೊಡೆಯಿಂದ ಕಣಕಾಲವರೆಗೆ ಗಟ್ಟಿ ಪಟ್ಟಿ, ನಡೆಯಲು ಊರುಗೋಲು, ಮಲಗಿ ಮಲಗಿ ಬೇಸರ. ಉದ್ಘಾಟನೆ ಹತ್ತಿರ ಬರುತ್ತಿತ್ತು, ನಕ್ಷತ್ರವನ್ನು ಇನ್ನೂ ಬೇರೆ ಯಾರಿಗೂ ಒಪ್ಪಿಸಿರಲಿಲ್ಲ. ಒಂದು ಮಧ್ಯಾಹ್ನ ಗಂಡನಿಗೆ ಊಟ ಕೊಡುವ ನೆಪ ಮಾಡಿಕೊಂಡು, ಪಕ್ಕದ ಮನೆಯವರ ಕಾರು ಹತ್ತಿ ಗ್ಯಾರೇಜಿಗೆ ಹೋದಳು. ಗಂಡ ಕಾಣಲಿಲ್ಲ. ಕರೆದರೆ ಒಂದು ಲಾರಿಯ ಹೊಟ್ಟೆಯಡಿಯಿಂದ ಬಂದೆ ಎಂಬ ದನಿ ಬಂತು, ದನಿಯ ಹಿಂದೆಯೇ ಚಕ್ರದ ಹಲಗೆಯ ಮೇಲೆ ಮಲಗಿದ್ದ ಗಂಡ ಸರ್ರನೆ ಜಾರಿಕೊಂಡು ಬಂದ. ಮೆಕ್ಯಾನಿಕ್ಕುಗಳು ವಾಹನದಡಿ ನುಸುಳಲು ಇಟ್ಟುಕೊಳ್ಳುವ, ನಾಲ್ಕು ಪುಟ್ಟ ಚಕ್ರದ ಹಲಗೆ. ಅವನು ಎದ್ದು ಕೂತು, ಕಾಲಿನಿಂದ ನೆಲ ಒದ್ದು ಹಲಗೆಯನ್ನು ಕೂತಲ್ಲೇ ಒಂದು ಸುತ್ತು ತಿರುಗಿಸಿ, ಊಟದ ಡಬ್ಬಿಗೆ ಕೈ ಚಾಚಿದ. ಡಬ್ಬಿ ಅವಳ ಕೈಯಲ್ಲೇ ಉಳಿಯಿತು.

"ರೀ, ಏಳಿ ಮೇಲೆ. ನಾನು ಮಲಗಿ ನೋಡಬೇಕು," ಎಂದಳು.

ಅವನು ಕಣ್ಣು ಬಿಟ್ಟುಕೊಂಡು ನೋಡಿದ. ಆಮೇಲೆ ಅವನ ಮುಖವೂ ಅರಳಿತು. ಬುಗುರಿ ತಿರುಗಲು ಮಂಡಿಯೇ ಏಕೆ ಬೇಕು, ಹಲಗೆಯೇ ತಿರುಗಲಿ! ಅಲ್ಲೇ ನಿಂತು ಡಾಕ್ಟರಮ್ಮನಿಗೆ ಫೋನ್ ಮಾಡಿದರು. ಬೋರಲು ಮಲಗಬಹುದೇ ಎಂದು ಕೇಳಿದರೆ ಮಲಗಬಹುದು ಎಂದರು. ಮಲಗಿಕೊಂಡು ನೆಲ ಹಾಕಬಹುದೇ ಎಂದು ಕೇಳಿದರೆ ಎರಡೆರಡು ಸಲ ಹೇಳಿಸಿಕೊಂಡರು. ಕೊನೆಗೆ ಒಪ್ಪಿದರು. ಪಟ್ಟಿ ಬಿಗಿದೇ ಇರಬೇಕು, ಕಾಲು ನೇರವಾಗಿಯೇ ಇರಬೇಕು, ಆ ಕಾಲಿನಿಂದ ತಳ್ಳಬಾರದು, ಏರಿಸಿ ಇಳಿಸುವುದೆಲ್ಲ ಬೇರೆಯವರು ಮಾಡಬೇಕು. ತಪ್ಪಿದರೆ ಹೊಲಿಗೆ ಬಿಟ್ಟುಕೊಳ್ಳುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ ಎಂದೂ ಎಚ್ಚರಿಸಿದರು.

ಸುದ್ದಿ ಊರಿಗೆಲ್ಲ ಹಬ್ಬಿತು. ನಕ್ಷತ್ರ ಕೂರಿಸುವ ದಿನ ಹಜಾರದ ಕಿಟಕಿಗಳ ತುಂಬ ತಲೆಗಳು. ಹೆಂಗಸು ಹಲ್ಲಿಯ ಹಾಗೆ ಮಲಗಿ ನೆಲ ಹಾಕುತ್ತಾಳಂತೆ ಎಂದು ಉಳಿದ ಮೇಸ್ತ್ರಿಗಳು ಮೂಗು ಮುರಿದರು, ಮುರಿದರೂ ನೋಡಲು ಬಂದರು. ಮಾವನೂ ಬಂದ, ಕುರ್ಚಿಯಲ್ಲಿ ಕೂತ. ಗಂಡ ಚಕ್ರಗಳಿಗೆ ರಬ್ಬರ್ ಸುತ್ತಿ, ಹಲಗೆಗೆ ಹಾಸಿಗೆ ಕಟ್ಟಿ, ಎಡಗಾಲು ಒರಗಲು ಉದ್ದದ ದಿಂಬು ಬಿಗಿದು ತಂದಿದ್ದ. ಅವನೂ ಆಳುಗಳೂ ಸೇರಿ ಅವಳನ್ನು ಬೋರಲು ಮಲಗಿಸಿದರು.

ಅವಳು ಅಂಗೈಯಿಂದ ನೆಲವನ್ನು ಒಂದು ಸಲ ತಳ್ಳಿದಳು. ಹಲಗೆ ಬೆಣ್ಣೆಯ ಮೇಲೆ ಜಾರಿದ ಹಾಗೆ ಹೋಯಿತು! ಯಾಕೆ ಹೋಗುವುದಿಲ್ಲ, ಆ ನೆಲ ಹಾಕಿದವಳು ಅವಳೇ ಅಲ್ಲವೇ, ಒಂದು ಅಂಚೂ ಎದ್ದಿರಲಿಲ್ಲ. ಗುಂಡಿಯ ಸುತ್ತ ಜಾರುತ್ತಾ ಗಾರೆ ಹರಡಿದಳು. ಆಳು ಕಲ್ಲು ಕೊಟ್ಟರೆ ಹಲಗೆ ಗರಕ್ಕನೆ ತಿರುಗುವುದು, ಕಲ್ಲು ಕೂರುವುದು, ಸುತ್ತಿಗೆ ಟಕ್ ಟಕ್ ಎನ್ನುವುದು, ಹಲಗೆ ಮತ್ತೆ ಗರಕ್ಕನೆ ತಿರುಗುವುದು. ಕಪ್ಪು ಕೋನ, ಬಿಳಿ ಕೋನ, ಜೇನಿನ ಕೋನ. ಮುಖ ನೆಲದಿಂದ ಗೇಣು ದೂರದಲ್ಲಿ, ಕಣ್ಣು ಕಲ್ಲಿನ ಮಟ್ಟದಲ್ಲೇ. ಕೂತು ಹಾಕುವವರಿಗೆ ಕಾಣದ ಏರುತಗ್ಗು ಮಲಗಿದವಳಿಗೆ ಕಾಣುತ್ತಿತ್ತು. ಬೆವರು ಕಲ್ಲಿನ ಮೇಲೆ ಬೀಳದಂತೆ ಗಂಡ ಹಣೆ ಒರೆಸುತ್ತಾ ಪಕ್ಕದಲ್ಲೇ ತೆವಳಿದ. ಕಿಟಕಿಯಲ್ಲಿದ್ದ ಮೇಸ್ತ್ರಿಗಳು ಮೂಗು ಮುರಿಯುವುದನ್ನು ಮರೆತರು.

ನಡುವಿನ ಕರಿಕಲ್ಲು ಮಾತ್ರ ಸುತ್ತಲಿಂದ ಕೈಗೆಟುಕದು. ಹಸಿ ಕಲ್ಲುಗಳ ಮೇಲೆ ಹೋಗುವ ಹಾಗೂ ಇಲ್ಲ. ಇಟ್ಟಿಗೆ ಇಟ್ಟು, ನಕ್ಷತ್ರದ ಈ ದಡದಿಂದ ಆ ದಡಕ್ಕೆ ಎರಡು ದಪ್ಪ ಹಲಗೆಯ ಸೇತುವೆ ಹಾಕಿದರು. ಅದರ ಮೇಲೆ ಚಕ್ರದ ಹಲಗೆ, ಅದರ ಮೇಲೆ ಅವಳು. ಗಂಡ ಹಗ್ಗ ಹಿಡಿದ. ಮೆಲ್ಲಗೆ, ಮೆಲ್ಲಗೆ ಎಂದು ಹಜಾರವೇ ಪಿಸುಗುಟ್ಟಿತು. ನಡುವಿಗೆ ಬಂದಾಗ ಸೇತುವೆ ಕಿರ್ರೆಂದು ಬಗ್ಗಿತು. ಕೆಳಗಿನ ಹಸಿ ಕಲ್ಲಿಗೂ ಅದಕ್ಕೂ ನಡುವೆ ಒಂದು ಬೆರಳು ತೂರುವಷ್ಟೇ ಸಂದಿ. ಬಗ್ಗಿದ್ದು ಅಲ್ಲಿಗೇ ನಿಂತಿತು.

ಮಟ್ಟದಕ್ಕ ಗಾರೆಯನ್ನು ಕರಣೆಯಿಂದ ನುಣ್ಣಗೆ ಮಾಡಿದಳು. ಆಮೇಲೆ ತಲೆಯೆತ್ತಿ ಮಾವನ ಕಡೆ ನೋಡಿದಳು. ಹೆಬ್ಬೆಟ್ಟು ಒತ್ತುವ ಮುಂಚೆ ಗುರುವನ್ನು ಕೇಳುವುದು ಅವಳ ರೂಢಿ. ಇಷ್ಟು ವರ್ಷ ಕೇಳಿದಾಗಲೆಲ್ಲ ಗುರು ಎದ್ದು ಬಂದು ತನ್ನದೇ ಒತ್ತಿದ್ದ.

ಮಾವ ಕುರ್ಚಿಯಲ್ಲೇ ಕೂತಿದ್ದ. "ನನ್ನ ಮುಖ ಏನು ನೋಡ್ತೀಯ ಮಗಳೇ, ನಿನ್ನ ನೆಲ, ಒತ್ತು," ಎಂದ.

ಒತ್ತಿದಳು. ಕರಿಕಲ್ಲು ಕೂತಿತು. ತಟ್ಟಿ ನೋಡಿದರೆ ಗಟ್ಟಿ ಸದ್ದು, ಎಲ್ಲೂ ಟೊಳ್ಳಿಲ್ಲ. ಕಿಟಕಿಗಳಿಂದ ಶಿಳ್ಳೆ ಚಪ್ಪಾಳೆ ಎದ್ದವು. ಗಂಡ ಹಗ್ಗ ಎಳೆದು ಅವಳನ್ನು ದಡಕ್ಕೆ ತಂದ. ಅವಳು ಬೋರಲು ಮಲಗಿದ್ದಲ್ಲೇ ಬಿಕ್ಕಿ ಬಿಕ್ಕಿ ಅತ್ತಳು, ಸಂತೋಷಕ್ಕೆ.

ನಕ್ಷತ್ರವೇನೋ ಆಯಿತು. ಆದರೆ ಹೊಲಿದ ಮಂಡಿ ಮತ್ತೆ ನೆಲಕ್ಕೆ ಊರುತ್ತದೆಯೇ? ಅವಳ ಬದುಕೆಲ್ಲ ಅದರ ಮೇಲೇ ನಿಂತಿತ್ತು. ಮಲಗಿಕೊಂಡು ಒಂದು ನಕ್ಷತ್ರ ಹಾಕಬಹುದು, ಅಡಿಗೆಮನೆಯ ಮೂಲೆ, ಬಚ್ಚಲಿನ ಸಂದಿ ಹಾಕಲಾಗದು. ಡಾಕ್ಟರಮ್ಮ ಹೇಳಿದ ವ್ಯಾಯಾಮವನ್ನು ಒಂದು ದಿನವೂ ಬಿಡದೆ ಮಾಡಿದಳು. ಬತ್ತಿಹೋಗಿದ್ದ ತೊಡೆ ಮತ್ತೆ ತುಂಬಿಕೊಂಡಿತು. ಕಾಲು ಮೊದಲು ಒಂದಿಷ್ಟು ಮಡಚಿತು, ಆಮೇಲೆ ಇನ್ನೊಂದಿಷ್ಟು. ಅರ್ಧ ವರ್ಷ ಕಳೆದ ಮೇಲೆ ಡಾಕ್ಟರಮ್ಮ ಹಿಡಿದು ಎಳೆದು ತಿರುಗಿಸಿ ನೋಡಿ, ಇನ್ನು ಮಂಡಿಯೂರಿ, ಆದರೆ ಮೆತ್ತೆ ಇಲ್ಲದೆ ಊರಬೇಡಿ, ಕೂತು ತಿರುಗುವುದಂತೂ ಈ ಜನ್ಮಕ್ಕೆ ಬೇಡ ಎಂದರು.

ಮೊದಲ ಕೆಲಸ ಒಂದು ಪುಟ್ಟ ಅಡಿಗೆಮನೆ. ಬೆಳಿಗ್ಗೆ ಗಾರೆ ಹರಡಿ ಅವಳು ಗೋಡೆ ಹಿಡಿದು ನಿಂತಿದ್ದಳು. ಕೂರಲು ಧೈರ್ಯ ಸಾಲದು. ಆ ಟಪ್ ಎಂಬ ಸದ್ದು ಕಿವಿಯಿಂದ ಹೋಗಿರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಮಾವ ತೂಗಾಡುತ್ತಾ ಬಂದ, ಕಂಕುಳಲ್ಲಿ ಒಂದು ಪೊಟ್ಟಣ. ಬಕೆಟ್ ಬೋರಲು ಹಾಕಿಕೊಂಡು ಕೂತು ಪೊಟ್ಟಣ ಬಿಚ್ಚಿದ. ಹೊಸ ಮಂಡಿಮೆತ್ತೆಗಳು, ಜೋಡಿ. ಬಾ ಇಲ್ಲಿ ಎಂದು ಅವಳನ್ನು ಎದುರಿಗೆ ನಿಲ್ಲಿಸಿಕೊಂಡು, ತಾನೇ ಒಂದೊಂದಾಗಿ ಕಟ್ಟಿದ. ಬಿಗಿಯಾಯಿತಾ ಎಂದು ಎರಡು ಸಲ ಕೇಳಿದ.

"ನಿಮ್ಮಮ್ಮ ಹೊಲಿದಿದ್ದು ಇದಕ್ಕಿಂತ ಚೆನ್ನಾಗಿದ್ವು," ಎಂದ.

ಅವಳು ಬಲಮಂಡಿ ಊರಿದಳು, ಆಮೇಲೆ ಎಡಮಂಡಿ. ಮೆತ್ತೆ ಅವಳ ಭಾರ ತೆಗೆದುಕೊಂಡಿತು. ಒಳಗೆ ಚಿಟ್ ಎನ್ನಲಿಲ್ಲ, ಟಪ್ ಎನ್ನಲಿಲ್ಲ. ಕಾದಳು. ಇಲ್ಲ, ಏನೂ ಇಲ್ಲ. ಕರಣೆ ಹಿಡಿದ ಕೈಗೆ ತಾನಾಗಿಯೇ ಹಳೇ ಹುಮ್ಮಸ್ಸು ಬಂತು, ಬೆನ್ನ ಹಿಂದಿನ ಅಟ್ಟಿಯ ಕಡೆ ಮೈ ತಾನಾಗಿಯೇ ತಿರುಗಲು ಹೊರಟಿತು. ಅಷ್ಟರಲ್ಲಿ ಅವಳ ಭುಜದ ಮೇಲೆ ಒಂದು ಕೈ ಬಿತ್ತು.

ಬುಗುರಿ ಕಲಿಸಿದ ದೊಡ್ಡ ಮೇಸ್ತ್ರಿ ಬಕೆಟ್ಟಿನಿಂದ ಎದ್ದು ನಿಂತಿದ್ದ, ಕರಕರ ಎನ್ನುವ ಮಂಡಿಯಲ್ಲಿ. ಡೊಂಕುಗಾಲು ಹಾಕುತ್ತಾ ಅಟ್ಟಿಯವರೆಗೆ ಹೋಗಿ, ಒಂದು ಟೈಲ್ ಎತ್ತಿಕೊಂಡು, ಸುತ್ತಿ ಬಂದು ಅವಳ ಮುಂದೆ ಬಗ್ಗಿ ಕೈಗೆ ಕೊಟ್ಟ.